ಎರಡನೇ ಸಾಲಿನ ಕಾಯಿ

"ಇನ್ನೊಂದು ಅರ್ಧ ಮುದ್ದೆ ಹಾಕ್ತೀನಿ ಅಕ್ಕ, ಬ್ಯಾಡ ಅನ್ಬ್ಯಾಡಿ."

"ಸಾಕು ಕಣವ್ವ. ಜೈಲಿನ ಊಟ ಉಂಡು ಪಳಗಿದ ಹೊಟ್ಟೆ ಇದು. ಒಳ್ಳೆ ಊಟ ಜಾಸ್ತಿ ಬಿದ್ರೆ ಗಾಬರಿಯಾಯ್ತದೆ."

ಚಿಕ್ಕಗೌರಮ್ಮ ನಗಲಿಲ್ಲ. ಬೇಡವೆಂದರೂ ಅರ್ಧ ಮುದ್ದೆ ತಟ್ಟೆಗೆ ಬಂತು. ಅದರ ಮೇಲೆ ಹುರುಳಿಕಾಳಿನ ಸಾರು ಬಿತ್ತು. ಸಾರು ಬಿಡುವಾಗ ಎರಡು ಹನಿ ನೆಲಕ್ಕೆ ಚೆಲ್ಲಿದ್ದನ್ನು ಅನಸೂಯಮ್ಮ ನೋಡಿದಳು. ನೋಡಿಯೂ ನೋಡದವಳಂತೆ ಮುದ್ದೆ ಮುರಿದಳು.

ಅನುಮಾನ ಇಟ್ಟುಕೊಂಡು ಬಂದ ಮನೆಯಲ್ಲಿ ಉಣ್ಣಬಾರದು. ಆದರೆ ಬಿಳಿಗೆರೆಯಲ್ಲಿ ಊಟದ ಹೊತ್ತಿಗೆ ಬಾಗಿಲಿಗೆ ಬಂದವರು ಉಣ್ಣದೆ ಮಾತಾಡುತ್ತೇನೆ ಎಂದರೆ ಯಾರು ತಾನೆ ಬಾಯಿ ಬಿಡುತ್ತಾರೆ?

ಅನಸೂಯಮ್ಮ ಹೆಂಗಸರ ಜೈಲಿನಲ್ಲಿ ವಾರ್ಡರಾಗಿದ್ದು ಕೆಲಸ ಬಿಟ್ಟವಳು. ಈಗ ತಿಪಟೂರಿನಲ್ಲಿ ಮನೆ. ಗಂಡ ಬಸ್ ಕಂಡಕ್ಟರು. ಕಳೆದುಹೋದ ಒಡವೆ, ಓಡಿಹೋದ ಮಕ್ಕಳು, ಸುಳ್ಳು ಆಪಾದನೆ, ಇಂಥದ್ದನ್ನೆಲ್ಲ ಹುಡುಕಿಕೊಡುತ್ತಾಳೆಂದು ಜನ ಅವಳ ಹತ್ತಿರ ಬರುತ್ತಿದ್ದರು. ಎದುರಿಗೆ ಅಮ್ಮಾರೇ ಎನ್ನುತ್ತಿದ್ದರು, ಹಿಂದಿನಿಂದ ಜೈಲಮ್ಮ.

ಈ ಸಲ ಅವಳನ್ನು ಕರೆದು ತಂದವಳು ಹೊಂಬಾಳಮ್ಮ. ಚಿಕ್ಕಗೌರಮ್ಮನ ಒಡಹುಟ್ಟಿದ ತಂಗಿ. ಅವಳ ಗಂಡ ಕೆಂಚಪ್ಪ, ಕಟ್ಟಡಗಳಿಗೆ ಕಂಬಿ ಕಟ್ಟುವವನು, ಗೌರಿ ಹಬ್ಬ ಕಳೆದಾಗಿನಿಂದ ಲಾಕಪ್ಪಿನಲ್ಲಿದ್ದ. ತಿಪಟೂರಿನಿಂದ ಹೊರದೇಶದ ಕೆಲಸಕ್ಕೆ ಆಳು ಕಳಿಸುವ ಪೂರ್ಣಿಮಾ ಏಜೆನ್ಸಿಯ ಸದಾಶಿವಯ್ಯನನ್ನು ಕೊಂದ ಎಂಬುದು ಅವನ ಮೇಲಿನ ಆಪಾದನೆ. ಏಜೆನ್ಸಿಯ ನೆಲದ ಮೇಲೆ ರಕ್ತವಿತ್ತು. ಸದಾಶಿವಯ್ಯ ಇರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಹಿಂದಿನ ದಿನವಷ್ಟೇ ಕೆಂಚಪ್ಪ ನಡುಬೀದಿಯಲ್ಲಿ ನಿಂತು, "ನನ್ನ ಪಾಸ್‌ಪೋರ್ಟು ಕೊಡ್ದಿದ್ರೆ ನಿನ್ನ ಇಲ್ಲೇ ಹೂಳ್ತೀನಿ" ಎಂದು ಕೂಗಾಡಿದ್ದನ್ನು ಇಡೀ ಪೇಟೆ ಕೇಳಿತ್ತು.

ಸೋಮವಾರ ಅವನನ್ನು ತುಮಕೂರಿನ ಕೋರ್ಟಿಗೆ ಕರೆದೊಯ್ಯುವವರಿದ್ದರು.

"ತಂಗಿ ಒಳಗೆ ಬರಲ್ವೇನವ್ವ?" ಅನಸೂಯಮ್ಮ ಕೇಳಿದಳು.

ಚಿಕ್ಕಗೌರಮ್ಮ ಬಾಗಿಲ ಕಡೆ ನೋಡಿದಳು. ಹೊರಗೆ ಜಗಲಿಯ ಮೇಲೆ ಹೊಂಬಾಳಮ್ಮ ಗೋಡೆಗೆ ಒರಗಿ, ಬೀದಿಗೆ ಮುಖ ಮಾಡಿ ಕೂತಿದ್ದಳು.

"ಕರ್ದೆ. ಅವ್ರು ಉಂಡವ್ರೋ ಇಲ್ವೋ, ನಂಗೆ ಹೆಂಗೆ ಒಳಗೆ ಹೋಗ್ತದೆ ಅಂತಾಳೆ."

ಎದುರಿಗೆ ಕೂತಿದ್ದ ಅವಳ ಗಂಡ ಈರಣ್ಣ ಮೇಸ್ತ್ರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವನ ಮುದ್ದೆ ಹಾಕಿದ ಹಾಗೇ ಇತ್ತು. ಎತ್ತರದ ಆಳು, ಸುಣ್ಣ ತಿಂದ ಬೆರಳುಗಳು. ಈ ಸೀಮೆಯಲ್ಲಿ ಮೋರಿ, ಮನೆ, ಶಾಲೆ ಏನು ಕಟ್ಟಬೇಕಾದರೂ ಜನ ಅವನನ್ನೇ ಕೇಳುತ್ತಿದ್ದರು. ಅವನ ಎಡಗೈಯ ಮಣಿಕಟ್ಟಿನ ಸುತ್ತ ಬಿಸಿಲು ಕಾಣದ ಪಟ್ಟಿಯೊಂದು ಬೆಳ್ಳಗೆ ಎದ್ದು ಕಾಣುತ್ತಿತ್ತು.

"ವಾಚು ಎಲ್ಲಿ ಮೇಸ್ತ್ರಿ?"

ಅವನು ಆ ಕೈಯನ್ನು ಮಡಿಲಿಗೆ ಎಳೆದುಕೊಂಡ. "ಬಾವಿಗೆ ಬಿಸಾಕ್ದೆ."

"ಫಾರಿನ್ ವಾಚಂತೆ. ಸದಾಶಿವಯ್ಯ ಕೊಟ್ಟಿದ್ದಂತೆ."

"ಅದಕ್ಕೇ ಬಿಸಾಕಿದ್ದು."

ಅನಸೂಯಮ್ಮ ಕಾದಳು. ಜೈಲಿನಲ್ಲಿ ಅವಳು ಕಲಿತ ವಿದ್ಯೆ ಇದೊಂದೇ. ಮನಸ್ಸಿನಲ್ಲಿ ಭಾರ ಇರುವವರು ಮೌನವನ್ನು ಬಹಳ ಹೊತ್ತು ಹೊರಲಾರರು.

ಈರಣ್ಣನೂ ಹೊರಲಿಲ್ಲ.

"ಮೊದ್ಲ ಸಲ ಹೋದಾಗ ಕುರ್ಚಿ ಹಾಕಿಸ್ದ ಕಣ್ರಮ್ಮ. ಕೆಳಗಡೆ ಹೋಟ್ಲಿಂದ ಕಾಫಿ ತರ್ಸ್ದ. 'ನಿಮ್ಮನ್ನ ಮೇಸ್ತ್ರಿ ಅಂದೋರು ಯಾರ್ರೀ, ನೀವು ಕಂಟ್ರಾಕ್ಟರು' ಅಂದ. ನನ್ನ ಜನ್ಮದಾಗೆ ಯಾರೂ ನನ್ನ ಹಂಗೆ ಕರ್ದಿರ್ಲಿಲ್ಲ. ಒಳ್ಳೆ ಗಾರೆ ಕೆಲಸದೋರ್ನ ಕರ್ಕೊಂಡು ಬನ್ನಿ, ಮಸ್ಕತ್ತಿನಾಗೆ ಅರಮನೆ ಕಟ್ತವ್ರೆ, ಹಿಂದೇನೇ ನಿಮ್ಮನ್ನೂ ಫೋರ್‌ಮನ್ ಮಾಡಿ ಕಳಿಸ್ತೀನಿ ಅಂದ. ನಾನು ಮನೆಮನೆಗೆ ಹೋಗಿ ಹೇಳ್ದೆ. ಅವ್ವಂದಿರು, ಅಪ್ಪಂದಿರು, 'ನೀನು ಹೇಳಿದ್ ಮ್ಯಾಲೆ ಇನ್ನೇನು ಮೇಸ್ತ್ರಿ' ಅಂತ ಕಳಿಸ್ಕೊಟ್ರು."

"ಕೆಲಸದ ಪರೀಕ್ಷೆ ಮಾಡಿದ್ನಂತೆ?"

"ಮಾಡ್ದ!" ಈರಣ್ಣ ನಕ್ಕ. ಆ ನಗು ಉಗಿದಂತಿತ್ತು. "ಊರಾಚೆ ಒಂದು ಬಯಲಿಗೆ ಕರ್ಕೊಂಡು ಹೋದ. ಬೊಂಬಾಯಿಂದ ಸಾಹೇಬ್ರು ಬಂದವ್ರೆ, ಒಬ್ಬೊಬ್ರೂ ಒಂದೊಂದು ಮಾರು ಗೋಡೆ ಕಟ್ಟಿ ತೋರಿಸ್ಬೇಕು ಅಂದ. ನಮ್ಮೋರು ಜೀವ ಬಿಟ್ಟು ಕಟ್ಟಿದ್ರು. ಸಾಹೇಬ ಬೂಟಿನಾಗೆ ಒದ್ದು ನೋಡ್ದ, ಅಲ್ಲಾಡ್ಲಿಲ್ಲ. ಪಾಸು ಅಂದ. ಆಮ್ಯಾಕೆ ಗೊತ್ತಾಯ್ತು, ಆ ಬಯಲು ಸದಾಶಿವಯ್ಯನ ಸೈಟು. ನಮ್ಮ ಪರೀಕ್ಷೆಯೇ ಅವನ ಕಾಂಪೌಂಡು."

ಅನಸೂಯಮ್ಮನಿಗೆ ನಗು ಬಂತು. ಚಿಕ್ಕಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅದು ನಗುವಲ್ಲ.

"ಫೋಟೋ ತೆಗೆಸಕ್ಕೆ ಸ್ಟುಡಿಯೋದಾಗೆ ಒಂದೇ ಕೋಟು. ಎಲ್ರಿಗೂ ಅದೇ. ಒಬ್ಬ ಬಿಚ್ಚೋದು, ಇನ್ನೊಬ್ಬ ಹಾಕೋದು. ಏಳು ಜನದ ಪಾಸ್‌ಪೋರ್ಟಿನಾಗೂ ಒಂದೇ ಕೋಟು. ಮದುವೆ ಗಂಡುಗಳ ಹಂಗೆ ನಗಾಡ್ತಾ ರೈಲು ಹತ್ತಿದ್ರು. ಈಗ ಅಲ್ಲಿ ಅರಮನೆಯೂ ಇಲ್ಲ, ಗಾರೆ ಕೆಲಸವೂ ಇಲ್ಲ. ಬಿಸಿಲಾಗೆ ಸಿಮೆಂಟು ಚೀಲ ಹೊರ್ತಾವ್ರಂತೆ. ಪಾಸ್‌ಪೋರ್ಟು ಕಂಪನಿ ಪೆಟ್ಟಿಗೇಲಿ. ಅಲ್ಲಿಂದ ವಾಪಸ್ ಬಂದ ಹಾಸನದೋರೊಬ್ರು ಹೇಳಿದ್ರು."

"ನೀವು ಹೋಗಿ ಸದಾಶಿವಯ್ಯನ್ನ ಕೇಳ್ಲಿಲ್ವಾ?"

"ಕೇಳ್ದೆ. ಆವಾಗ ಕುರ್ಚಿ ಇರ್ಲಿಲ್ಲ. ಸಾಹೇಬ್ರು ಬಿಜಿ, ಮೆಟ್ಲ ಮ್ಯಾಲೆ ಕೂತಿರಿ ಅಂದ್ರು. ಸಂಜೆವರ್ಗೂ ಕೂತೆ. ಜನ ಕೊಡೋವರ್ಗೂ ಕುರ್ಚಿ, ಜನ ಕೊಟ್ಟ ಮ್ಯಾಲೆ ಮೆಟ್ಲು. ಅದೇ ಏಜೆನ್ಸಿ ಕಣ್ರಮ್ಮ."

ಅವನು ತನ್ನ ಸುಣ್ಣದ ಬೆರಳುಗಳನ್ನು ನೋಡಿಕೊಂಡ.

"ಅದೂ ತಡ್ಕೋಬಹುದು. ಹೋದ ವಾರ ದಂಡಿನಶಿವರದಾಗೆ ನಮ್ಮ ಹುಡುಗ ಒಬ್ಬನ ಅಪ್ಪ ಸಿಕ್ಕಿದ್ರು. ಹೊಲದಾಗೆ ಬೆಳೆದ ಕುಂಬಳಕಾಯಿ ತಂದು ಕೈಗೆ ಕೊಟ್ರು. 'ನಿನ್ನಿಂದ ನನ್ನ ಮಗ ಮನುಷ್ಯ ಆದ ಮೇಸ್ತ್ರಿ' ಅಂದ್ರು. ಬೈದಿದ್ರೆ ಬೈಸ್ಕೊಂಡು ಬತ್ತಿದ್ದೆ. ಕುಂಬಳಕಾಯಿ ಕೊಟ್ರು."

ಅನಸೂಯಮ್ಮ ತಟ್ಟೆಯಲ್ಲಿ ಕೈ ತೊಳೆದಳು. ಇವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ನಿಜ ಹೇಳುತ್ತಿರುವವನೂ ಒಂದು ಮೂಲೆಯನ್ನು ಗುಡಿಸದೆ ಬಿಟ್ಟಿರುತ್ತಾನೆ. ಅವಳು ಬಂದಿದ್ದು ಆ ಮೂಲೆಗಾಗಿ.

"ಏಳು ಜನ ಅಂದ್ರಲ್ಲ, ಯಾರ್ಯಾರು?"

ಈರಣ್ಣ ಒಬ್ಬೊಬ್ಬರ ಹೆಸರನ್ನೂ, ಊರನ್ನೂ ಹೇಳಿದ. ಸರಾಗವಾಗಿ ಹೇಳುತ್ತಿದ್ದವನು ಕೊನೆಯ ಹೆಸರಿಗೆ ಬಂದಾಗ ನೀರು ಕುಡಿದ. "ಕಂದಿಕೆರೆ ಚಿಕ್ಕಹನುಮಯ್ಯ," ಎಂದ. ಲೋಟವನ್ನು ಕೆಳಗಿಡದೆ ಹಿಡಿದುಕೊಂಡೇ ಇದ್ದ.

"ಕೆಂಚಪ್ಪ ಯಾಕೆ ಹೋಗ್ಲಿಲ್ಲ?"

"ಅವನ್ನ ಮುಂದಿನ ಸಲ, ಮುಂದಿನ ಸಲ ಅಂತ ಸತಾಯಿಸ್ದ. ಪಾಸ್‌ಪೋರ್ಟೂ ಕೊಡ್ಲಿಲ್ಲ. ನನ್ನ ಷಡ್ಡಕ ಕಣ್ರಮ್ಮ ಅವನು. ಹೆಂಡ್ತಿ ತಂಗಿ ಗಂಡ. ಅವನ್ನೂ ನಾನೇ ಕರ್ಕೊಂಡು ಹೋಗಿ ಆ ಬಾಗಿಲಾಗೆ ನಿಲ್ಸಿದ್ದು."

ಅನಸೂಯಮ್ಮ ತಲೆ ಎತ್ತಿದಳು.

ನಡುಮನೆಯ ಹಿಂಭಾಗದ ಮೇಲೆ, ತೊಲೆಗಳ ಮೇಲೆ ಬಿದಿರು ಹಾಸಿದ ಅಗಲವಾದ ಅಟ್ಟ. ಈ ಸೀಮೆಯ ಯಾವ ಮನೆಗೆ ಹೋದರೂ ಇದೇ ಅಟ್ಟ. ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಮೇಲಕ್ಕೆ ಹಾಕಿದರೆ, ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟದ ಅಂಚಿನ ಸಾಲು ಕೆಳಗಿನಿಂದ ಕಾಣುತ್ತಿತ್ತು. ಬೂದಿ ಬಣ್ಣಕ್ಕೆ ತಿರುಗಿ ಒಣಗಿದ ಕಾಯಿಗಳು.

"ಅಟ್ಟ ತುಂಬೈತೆ," ಎಂದಳು.

"ಹೋದ ದೀಪಾವಳಿ ಮುಂದೆ ಹಾಕಿದ್ದು. ಇನ್ನೇನು ಇಳಿಸಬೇಕು."

"ಕೊಬ್ಬರಿ ಮಂಡಿ ಮಲ್ಲಿಕಾರ್ಜುನಯ್ಯನೋರು ಬೇರೆ ಹೇಳಿದ್ರಲ್ಲ. ಗೌರಿ ಹಬ್ಬ ಆದ ಮಾರನೇ ವಾರವೇ ನೀವು ಕಾಯಿ ಒಡೆಸಿ ತಂದ್ರಂತೆ. ಒಳಗೆ ಇನ್ನೂ ಹಸಿ ಇತ್ತಂತೆ. 'ನಿಮ್ಮ ಮೇಸ್ತ್ರಿ ಅಟ್ಟಕ್ಕೆ ಎಂಟು ತಿಂಗಳಿಗೇ ಹೆರಿಗೆ ಮಾಡಿಸ್ಬಿಟ್ಟ' ಅಂತ ನಗಾಡ್ತಿದ್ರು."

ಈರಣ್ಣನ ಕಣ್ಣು ಒಂದು ಕ್ಷಣ ಹೆಂಡತಿಯ ಕಡೆ ಹೋಗಿ ಬಂತು. "ಅದು ತೋಟದ ಮನೆ ಅಟ್ಟದ್ದು. ಇಲಿ ಕಾಟ. ಇಳಿಸ್ಬಿಟ್ಟೆ."

ಸರಿಯಾದ ಉತ್ತರ. ಇಲಿಯ ಕಾಟ ಯಾರಿಗಿಲ್ಲ? ತೋಟದಲ್ಲಿ ಇನ್ನೊಂದು ಅಟ್ಟ ಇರುವವರು ಎಷ್ಟೋ ಜನ. ಅನಸೂಯಮ್ಮ ಅದನ್ನು ಅಲ್ಲಿಗೇ ಬಿಟ್ಟಳು.

ಅಷ್ಟರಲ್ಲಿ ಬೀದಿಯಿಂದ ಯಾರೋ ಕೂಗಿದರು. "ಮೇಸ್ತ್ರೀ, ಸುಣ್ಣದ ಗಾಡಿ ಬಂದೈತೆ. ಎಲ್ಲಿ ಇಳಿಸ್ಲಿ? ಮೋಡ ಬೇರೆ ಕವ್ಕೊಂಡೈತೆ!"

ಈರಣ್ಣ ಎದ್ದ. ಹೋಗಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತ. "ನೀವು ಹೊರಡೋರಲ್ವಾ ಅಮ್ಮಾರೇ? ಗಾಡಿ ಇಳಿಸಿ ನಾನೇ ಬಸ್ಸಿಗೆ ಬಿಡ್ತೀನಿ."

"ಹೊರಟೆ ಮೇಸ್ತ್ರಿ. ನಿಮ್ಮ ಕೆಲಸ ನೋಡ್ಕೊಳ್ಳಿ."

ಅವನು ಹೋದ. ಅನಸೂಯಮ್ಮ ನಿಜವಾಗಿಯೂ ಹೊರಟಿದ್ದಳು. ಕೇಳುವುದೆಲ್ಲ ಕೇಳಿಯಾಗಿತ್ತು. ಸಿಕ್ಕಿದ್ದು ಒಬ್ಬ ನೊಂದ ಮನುಷ್ಯ, ಅಷ್ಟೆ. ಜಗಲಿಯ ಮೇಲೆ ಕೂತಿರುವ ಹೆಂಗಸಿಗೆ ಏನು ಹೇಳುವುದೆಂದು ಯೋಚಿಸುತ್ತ ಚೀಲ ಎತ್ತಿಕೊಂಡಳು.

"ನಿಂತ್ಕಳಿ ಅಕ್ಕ. ಮೊದ್ಲ ಸಲ ಬಂದ ಮುತ್ತೈದೆ. ಬರಿ ಮಡಿಲಾಗೆ ಕಳಿಸಿದ್ರೆ ಮನೆಗೆ ಒಳ್ಳೇದಲ್ಲ."

ಚಿಕ್ಕಗೌರಮ್ಮ ಕುಂಕುಮದ ಭರಣಿ ತಂದಿಟ್ಟಳು. ಎಲೆ ಅಡಿಕೆ ಇಟ್ಟಳು. ಕಾಯಿಗಾಗಿ ಸುತ್ತ ನೋಡಿದಳು. ದೇವರ ಗೂಡಿನಲ್ಲಿ ಇರಲಿಲ್ಲ. ಅಡಿಗೆಮನೆಯಲ್ಲಿ ಅರ್ಧ ಹೋಳಿತ್ತು. ಅವಳು ಗೋಡೆಗೆ ಆನಿಸಿದ್ದ ಏಣಿಯ ಮೇಲೆ ಎರಡು ಮೆಟ್ಟಿಲು ಹತ್ತಿ, ಅಟ್ಟದ ಅಂಚಿಗೆ ಕೈ ಹಾಕಿದಳು.

ಅಂಚಿನ ಸಾಲು ಕೈಗೆ ಎಟುಕುವಂತಿತ್ತು. ಆದರೂ ಅವಳ ಕೈ ಆ ಸಾಲನ್ನು ದಾಟಿ ಹಿಂದಕ್ಕೆ ಹೋಯಿತು. ತಡಕಾಡಲಿಲ್ಲ. ಹಿಂದಿನ ಸಾಲಿನಿಂದ ಒಂದು ಕಾಯಿ ತೆಗೆದು ಇಳಿದಳು. ಮೂಲೆಯಲ್ಲಿ ನೆಟ್ಟಿದ್ದ ಸಲಾಕೆಗೆ ಕುಕ್ಕಿ ಸಿಪ್ಪೆ ಸುಲಿದು, ಜುಟ್ಟು ಬಿಟ್ಟು, ಅರಿಸಿನ ಹಚ್ಚಿ, ಅನಸೂಯಮ್ಮನ ಸೆರಗಿಗೆ ಇಟ್ಟಳು.

ಸೆರಗಿನಲ್ಲಿ ಕಾಯಿ ಹೊರಳಿತು. ಒಳಗೆ ನೀರು ಕುಲುಕಿತು.

ಅನಸೂಯಮ್ಮ ಕದಲಲಿಲ್ಲ.

ಸುಲಿದು ಬಿಸಾಡಿದ ಸಿಪ್ಪೆಯನ್ನು ನೋಡಿದಳು. ಹಸಿರು ಇನ್ನೂ ಪೂರ್ತಿ ಹೋಗಿರಲಿಲ್ಲ. ನಾರು ಒದ್ದೆಯಾಗಿತ್ತು. ಮರದಿಂದ ಇಳಿದು ಹೆಚ್ಚು ದಿನ ಆಗದ ಕಾಯಿ.

"ಗೌರಮ್ಮ."

"ಏನಕ್ಕ?"

"ಮುಂದಿನ ಸಾಲಿನ ಕಾಯಿ ಯಾಕೆ ತೆಗೀಲಿಲ್ಲ?"

ಚಿಕ್ಕಗೌರಮ್ಮ ನೆಟ್ಟಗೆ ಉತ್ತರ ಕೊಟ್ಟಳು, ಯಾವ ಹೆಂಗಸಾದರೂ ಕೊಡುವ ಉತ್ತರ. "ಅದು ಒಣಗೈತೆ. ನೀರಿಲ್ಲದ ಕಾಯಿ ಮಡಿಲಿಗೆ ಹಾಕ್ತಾರಾ ಎಲ್ಲಾರ..."

ಹೇಳುತ್ತಲೇ ಅವಳ ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದ ಕುಂಕುಮದ ಭರಣಿ ಮೆಲ್ಲಗೆ ವಾಲಿತು.

"ಹೋದ ದೀಪಾವಳಿ ಮುಂದೆ ತುಂಬಿದ ಅಟ್ಟದಾಗೆ ನೀರಿರೋ ಕಾಯಿ ಹೆಂಗೆ ಬಂತವ್ವ?"

ಚಿಕ್ಕಗೌರಮ್ಮ ಭರಣಿಯನ್ನು ನೆಲಕ್ಕಿಟ್ಟಳು.

"ಹಳೇ ಕಾಯೆಲ್ಲ ಇಳಿಸಿ, ಒಂದು ಸಾಲು ಮಾತ್ರ ಮುಂದೆ ಉಳಿಸ್ಕೊಂಡು, ಅದರ ಹಿಂದೆ ಹೊಸ ಕಾಯಿ ಗೋಡೆ ಹಂಗೆ ಪೇರಿಸವ್ರೆ. ಗೋಡೆ ಕಟ್ಟೋದು ನಿನ್ನ ಗಂಡನಿಗೆ ಹೊಸದಲ್ಲ ಬುಡು. ಗೋಡೆ ಹಿಂದೆ ಏನೈತೆ?"

ಚಿಕ್ಕಗೌರಮ್ಮ ಗೋಡೆ ಹಿಡಿದು ಕೂತುಬಿಟ್ಟಳು. ಹೊರಗಿನ ಜಗಲಿಯನ್ನೊಮ್ಮೆ ನೋಡಿ, ಕೈ ಜೋಡಿಸಿದಳು. ದನಿ ಪಿಸುಮಾತಾಯಿತು.

"ಮೆತ್ತಗೆ ಅಕ್ಕ. ಅವಳಿಗೆ ಕೇಳಿಸ್ಬಾರದು. ನಿಮ್ಮ ಕಾಲಿಗೆ ಬೀಳ್ತೀನಿ."

"ಹೆಣ ಐತಾ?"

"ಶಿವ ಶಿವಾ, ಇಲ್ಲ! ಹೆಣ ಇದ್ದಿದ್ರೆ ನಾನು ಈ ಮನೇಲಿ ಒಲೆ ಹಚ್ತಿದ್ನಾ? ಅವನು ಬದುಕವ್ನೆ ಅಕ್ಕ. ಸದಾಶಿವಯ್ಯ ಸತ್ತೇ ಇಲ್ಲ. ಮ್ಯಾಲವ್ನೆ."

ಅನಸೂಯಮ್ಮ ಮೇಲೆ ನೋಡಿದಳು. ಬಿದಿರಿನ ಸಂದಿಯಿಂದ ಸಣ್ಣಗೆ ನಾರಿನ ಪುಡಿ ಉದುರುತ್ತಿತ್ತು.

"ನೀನು ಕಣ್ಣಾರೆ ನೋಡಿದ್ದೀಯಾ?"

"ಇಲ್ಲ. ಹಬ್ಬದಾಗೆ ತಂಗಿ ಮನೆಗೆ ಹೋಗಿದ್ದೆ. ಬರೋ ಹೊತ್ಗೆ ಮ್ಯಾಲೆ ಬಿಟ್ಟುಕೊಂಡಿದ್ರು. ಹತ್ತಬ್ಯಾಡ, ಮಾತಾಡಿಸಬ್ಯಾಡ ಅಂದವ್ರೆ. ಊಟ ಅವ್ರೇ ಕೊಡ್ತಾರೆ. ನಾನು ಕೆಮ್ಮು ಕೇಳಿದ್ದೀನಿ ಅಷ್ಟೇ. ಬೊಂಬಾಯಿ ಸಾಹೇಬನ ವಿಳಾಸ ಗೊತ್ತಿರೋನು ಇವನೊಬ್ನೇ. ಪೋಲೀಸ್ನೋರು ಹಿಡಿದ್ರೆ ಬೊಂಬಾಯಿಯೋನು ತಪ್ಪಿಸ್ಕೋತಾನೆ, ಅಲ್ಲಿರೋ ನಮ್ಮ ಹುಡುಗರು ಅಲ್ಲೇ ಕೊಳೀತಾರೆ, ಅವರು ಹೊರಡೋವರ್ಗೂ ಇವನು ಮ್ಯಾಲಿರ್ಲಿ ಅಂತಾರೆ."

"ಅಲ್ಲಿವರ್ಗೂ ಕೆಂಚಪ್ಪ ಲಾಕಪ್ಪಿನಲ್ಲಿರ್ಲಿ ಅಂತಾರಾ?"

ಚಿಕ್ಕಗೌರಮ್ಮ ಸೆರಗನ್ನು ಹಲ್ಲಿನಲ್ಲಿ ಕಚ್ಚಿದಳು.

"ದಿನಾ ಕೇಳ್ಕೋತೀನಿ ಅಕ್ಕ. ಯಾವನ್ನ ಕೊಂದ ಅಂತ ನನ್ನ ತಂಗಿ ಗಂಡನ್ನ ಕೂರಿಸವ್ರೋ ಅವನಿಗೆ ನಾನೇ ಮುದ್ದೆ ತಿರುವ್ತೀನಿ. ಅವಳು ಇಲ್ಲಿಗೆ ಬಂದು ಈ ಅಟ್ಟದ ಕೆಳಗೇ ಕೂತು ಅಳ್ತಾಳೆ. ತಲೆ ಸವರ್ತೀನಿ. ಬರ್ತಾನೆ ಬುಡು ಅಂತೀನಿ. ಈ ಕೈಯಾಗೆ ಅವಳ ತಲೆ ಸವರಿ, ಈ ಕೈಯಾಗೇ ಮ್ಯಾಲಿರೋನ ತಟ್ಟೆಗೆ ಬಡಿಸ್ತೀನಿ. ಕೈ ಕಡಿದು ಹಾಕ್ಬೇಕು ಅನ್ಸುತ್ತೆ. ಒಂದೇ ಸಮಾಧಾನ. ಯಾರೂ ಸತ್ತಿಲ್ಲವಲ್ಲ. ಅವನನ್ನ ಕೆಳಗಿಳಿಸಿದ ದಿನ ಕೆಂಚಪ್ಪ ಮನೆಗೆ ಬಂದೇ ಬತ್ತಾನಲ್ಲ. ಅದೊಂದ್ರ ಮ್ಯಾಲೆ ಉಸಿರು ಹಿಡ್ಕೊಂಡಿದ್ದೀನಿ."

ಅನಸೂಯಮ್ಮನಿಗೆ ಸೆರಗಿನಲ್ಲಿದ್ದ ಕಾಯಿ ಭಾರವೆನಿಸಿತು. ತನಗೆ ಒಳ್ಳೆಯದಾಗಲೆಂದು ಒಬ್ಬ ಹೆಂಗಸು ಕೊಟ್ಟ ಕಾಯಿ. ಅದನ್ನೇ ಹಿಡಿದು ಅವಳ ಕುತ್ತಿಗೆ ಒತ್ತುತ್ತಿದ್ದೇನೆ.

"ಇವತ್ತೇ ಇಳಿಸೋಣ," ಎಂದಳು. "ಸೋಮವಾರದೊಳಗೆ. ಹುಡುಗರ ವಿಷಯಕ್ಕೆ ಬೇರೆ ದಾರಿ ನೋಡೋಣ. ಬದುಕಿರೋನು ಕಣ್ಣೆದುರಿಗೆ ಬಂದ್ರೆ ಕೊಲೆ ಎಲ್ಲಿಯದು? ನಿನ್ನ ತಂಗಿ ಗಂಡ ಸಂಜೆಗೆ ಮನೇಲಿರ್ತಾನೆ."

ಅವಳು ಏಣಿಯನ್ನು ಹಿಡಿದಳು.

"ಕೈ ತೆಗೀರಿ ಅಮ್ಮಾರೇ."

ಈರಣ್ಣ ಬಾಗಿಲಲ್ಲಿ ನಿಂತಿದ್ದ. ಮೈಯೆಲ್ಲ ಸುಣ್ಣದ ಪುಡಿ. ಹೆಂಡತಿಯ ಮುಖ ನೋಡಿದೊಡನೆ ಅವನಿಗೆ ಎಲ್ಲ ಗೊತ್ತಾಗಿತ್ತು.

"ನಿಮ್ಮ ಅನ್ನ ಉಂಡಿದ್ದೀನಿ ಮೇಸ್ತ್ರಿ. ಅದಕ್ಕೇ ಪೋಲೀಸರನ್ನ ಕರೀದೆ ನಾನೇ ಹತ್ತುತಿದ್ದೀನಿ."

"ಹತ್ತಬ್ಯಾಡಿ. ನಿಮ್ಮ ಒಳ್ಳೇದಕ್ಕಲ್ಲ. ಹೊಂಬಾಳಿ ಒಳ್ಳೇದಕ್ಕೆ ಹೇಳ್ತಿದ್ದೀನಿ."

"ಹೊಂಬಾಳಮ್ಮನ ಒಳ್ಳೇದಾ?" ಅನಸೂಯಮ್ಮನ ದನಿ ಏರಿತು. "ಅವಳ ಗಂಡನ್ನ ಬಲಿ ಕೊಟ್ಟು, ಆ ಏಜೆಂಟನ್ನ ಅಟ್ಟದ ಮೇಲಿಟ್ಟು ಸಾಕ್ತಿದ್ದೀರಲ್ಲ, ಇನ್ನೂ ಅವನ ಕುರ್ಚಿ ಕಾಫಿ ಋಣ ತೀರಿಲ್ವಾ ನಿಮಗೆ?"

ಈರಣ್ಣನ ಮುಖ ಹಿಂಡಿಕೊಂಡಿತು. ಹೊಡೆಯುತ್ತಾನೆ ಎಂದುಕೊಂಡಳು. ಹೊಡೆಯಲಿಲ್ಲ. ತಲೆ ತಗ್ಗಿಸಿದ.

"ಅಂಗೇ ಅಂದ್ಕಳಿ. ಅಂಗೇ ಅಂದ್ಕೊಂಡು ಮನೆಗೆ ಹೋಗಿ. ನನ್ನ ಹೆಂಡ್ತಿಯೂ ಅಂಗೇ ಅಂದ್ಕೊಂಡವ್ಳೆ. ನಾನು ಕೆಟ್ಟೋನಾಗಿದ್ರೆ ಯಾರಿಗೂ ನಷ್ಟ ಇಲ್ಲ. ಹೆಣ ಸಿಕ್ಕಿಲ್ಲ, ನೋಡ್ದೋರಿಲ್ಲ. ಕೋರ್ಟಿನಾಗೆ ಎಷ್ಟು ದಿನ ಇಟ್ಕೋತಾರೆ? ಬಿಟ್ಟೇ ಬಿಡ್ತಾರೆ. ಅಷ್ಟು ದಿನ ಸುಮ್ಕಿರಿ."

ಅನಸೂಯಮ್ಮನಿಗೆ ಆ ಮಾತು ಎಲ್ಲೋ ತಟ್ಟಿತು. ಹೆಣ ಸಿಕ್ಕಿಲ್ಲ? ಬದುಕಿರುವವನ ಹೆಣ ಹೇಗೆ ಸಿಗುತ್ತದೆ? ತಟ್ಟಿದ ಮಾತನ್ನು ಹಿಡಿದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆಗಲೇ ಅವಳು ಏಣಿಯ ಅರ್ಧದಲ್ಲಿದ್ದಳು. ಎರಡು ಕೈಯಿಂದ ಅಂಚಿನ ಸಾಲನ್ನು ಸರಿಸಿ, ಹಿಂದಿನ ಸಾಲಿನ ಒಂದು ಕಾಯನ್ನು ಕಿತ್ತಳು.

ಗೋಡೆ ಕುಸಿಯಿತು.

ಕಾಯಿಗಳು ದಡದಡನೆ ನಡುಮನೆಗೆ ಉರುಳಿದವು. ಒಂದು ನೀರಿನ ಹಂಡೆಗೆ ಬಡಿಯಿತು. ಒಂದು ಹೊಸ್ತಿಲು ದಾಟಿ ಜಗಲಿಗೆ ಹೋಯಿತು. ಧೂಳಿನ ಹಿಂದೆ ಯಾರೋ ಮೊಣಕೈ ಅಡ್ಡ ಹಿಡಿದು ಕೆಮ್ಮುತ್ತಿದ್ದರು.

ಮೊಣಕೈ ಇಳಿಯಿತು.

ಗಡ್ಡ ಬೆಳೆದ ಮುಖ. ಚಿಕ್ಕ ವಯಸ್ಸು. ಬೆರಳುಗಳಲ್ಲಿ ಸುಣ್ಣ ತಿಂದ ಗುರುತು. ಅನಸೂಯಮ್ಮ ಏಜೆನ್ಸಿಯ ಗೋಡೆಯ ಮೇಲೆ ಸದಾಶಿವಯ್ಯನ ಫೋಟೋ ನೋಡಿದ್ದಳು. ಬೋಳುತಲೆಯ, ದಪ್ಪ ಕೆನ್ನೆಯ ಮನುಷ್ಯ. ಇವನು ಅವನಲ್ಲ.

ಕೆಳಗಿನಿಂದ ಚಿಕ್ಕಗೌರಮ್ಮ ಹಾ ಎಂದಳು. "ಕಂದಿಕೆರೆ ಚಿಕ್ಕಹನುಮ! ನೀನು ಮಸ್ಕತ್ತಿಗೆ ಹೋದೋನಲ್ವೇನಪ್ಪ?"

"ಬೊಂಬಾಯಿಯಾಗೇ ಬಿಟ್ಟು ಹೋದ್ರು ಅಕ್ಕಯ್ಯ," ಅವನ ದನಿ ಒಡೆದಿತ್ತು. "ಮಿಕ್ಕೋರ್ನ ಹತ್ತಿಸಿದ್ರು. ನಂಗೆ ನಾಳೆ ನಾಳೆ ಅಂದ್ರು. ಪಾಸ್‌ಪೋರ್ಟು ತಿಪಟೂರಿಗೆ ವಾಪಸ್ ಕಳಿಸಿದ್ದೀವಿ, ಹೋಗಿ ಈಸ್ಕೋ ಅಂದ್ರು. ಬಂದೆ. ಊರಿಗೆ ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತ ನೆಟ್ಟಗೆ ಏಜೆನ್ಸಿಗೇ ಹೋದೆ."

ಚಿಕ್ಕಗೌರಮ್ಮ ಗಂಡನ ತೋಳು ಹಿಡಿದಳು. "ಸದಾಶಿವಯ್ಯ ಎಲ್ಲಿ? ಅವನು ಮ್ಯಾಲವ್ನೆ ಅಂದ್ರಲ್ಲ? ಎಲ್ಲಿ ಅವನು?"

ಈರಣ್ಣ ಕಣ್ಣು ಮುಚ್ಚಿದ.

"ನೀನು ಏಜೆನ್ಸಿಗೆ ಹೋದಾಗ ಏನಾಗಿತ್ತಪ್ಪ?" ಅನಸೂಯಮ್ಮ ಕೇಳಿದಳು. ಕೇಳಬಾರದು ಎಂದು ಒಳಗಿನಿಂದ ಏನೋ ಹೇಳುತ್ತಿತ್ತು. ಆದರೆ ಪ್ರಶ್ನೆ ಆಗಲೇ ಬಾಯಿಂದ ಹೊರಟಿತ್ತು.

ಚಿಕ್ಕಹನುಮಯ್ಯ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ತಲೆ ಅಲ್ಲಾಡಿಸಿದ, ಬೇಡ ಎಂದು. ಕತ್ತಲೆಯಲ್ಲಿ ಕೂತು ಕೂತು ಹುಡುಗನಿಗೆ ಇನ್ನು ಬೇಡ ಎನ್ನುವುದನ್ನು ಕೇಳುವ ಶಕ್ತಿ ಉಳಿದಿರಲಿಲ್ಲ.

"ಬಾಗಿಲು ತೆಗೆದಿತ್ತು. ನೆಲದ ಮ್ಯಾಲೆ ರಕ್ತ ಇತ್ತು. ಹಿಂದ್ಗಡೆ ಮೆಟ್ಲಾಗೆ ಒಬ್ರು ಕೊಬ್ಬರಿ ಚೀಲ ಹೊತ್ಕೊಂಡು ಇಳೀತಿದ್ರು. ಆ ಪೇಟೇಲಿ ಚೀಲ ಹೊತ್ತೋರ್ನ ಯಾರು ನೋಡ್ತಾರೆ? ನಾನೂ ನೋಡ್ತಿರ್ಲಿಲ್ಲ. ಚೀಲದ ಬಾಯಿಂದ ಮನುಷ್ಯನ ಕಾಲು ಈಚೆ ಬಂದಿತ್ತು ಅಕ್ಕ. ಎದ್ನೋ ಬಿದ್ನೋ ಅಂತ ಮೇಸ್ತ್ರಿ ಹತ್ರ ಓಡಿ ಬಂದೆ."

"ಹೊತ್ತಿದ್ದೋನು ಯಾರು?"

ಅವನು ಮೇಸ್ತ್ರಿಯ ಕಡೆ ನೋಡದೆ ಹೇಳಿದ.

"ಕೆಂಚಪ್ಪಣ್ಣ."

ಚಿಕ್ಕಗೌರಮ್ಮನ ಕೈ ಗಂಡನ ತೋಳಿನಿಂದ ಜಾರಿತು.

ಅನಸೂಯಮ್ಮ ಏಣಿಯ ಮೇಲೆ ಹಾಗೇ ನಿಂತಳು. ಈಗ ಅವಳಿಗೆ ಅರ್ಥವಾಯಿತು. ಈ ಮನುಷ್ಯ ಷಡ್ಡಕನನ್ನು ಬಲಿ ಕೊಟ್ಟಿರಲಿಲ್ಲ. ಅವನನ್ನು ನೇಣಿಗೆ ಹಾಕಬಲ್ಲ ಒಬ್ಬನೇ ಒಬ್ಬ ಸಾಕ್ಷಿಯನ್ನು ಕಾಯಿಗಳ ಹಿಂದೆ ಮುಚ್ಚಿಟ್ಟಿದ್ದ. ಹೆಂಡತಿಗೆ ಸತ್ಯ ತಿಳಿಯುವುದಕ್ಕಿಂತ ಅವಳ ಕಣ್ಣಲ್ಲಿ ತಾನೇ ಪಾಪಿಯಾಗುವುದು ಮೇಲೆಂದು ಬಾಯಿ ಮುಚ್ಚಿಕೊಂಡಿದ್ದ. ಆ ಗೋಡೆಯನ್ನು ತಾನು ಕೆಡವಿದೆ. ಕೆಂಚಪ್ಪನನ್ನು ಉಳಿಸುವುದಕ್ಕೆಂದು ಬ್ಯಾಗು ಹಿಡಿದು ಬಂದವಳು ತಾನು.

"ಅಕ್ಕಯ್ಯ, ಏನದು ಸದ್ದು?"

ಹೊಂಬಾಳಮ್ಮ ಬಾಗಿಲಲ್ಲಿದ್ದಳು. ಜಗಲಿಗೆ ಉರುಳಿ ಬಂದ ಕಾಯನ್ನು ಎತ್ತಿಕೊಂಡು ಬಂದಿದ್ದಳು. ಚೆಲ್ಲಾಡಿದ ಕಾಯಿಗಳನ್ನೂ, ಏಣಿಯನ್ನೂ, ಅಟ್ಟದ ಮೇಲೆ ಕೂತಿದ್ದ ಹೊಸ ಮುಖವನ್ನೂ ನೋಡಿದಳು.

"ಏಜೆನ್ಸಿ ಅಂದ್ರಲ್ಲ ಈಗ. ಅಷ್ಟೇ ಕೇಳಿಸ್ತು." ಅವಳ ಕಣ್ಣು ಆ ಮುಖದ ಮೇಲೇ ನಿಂತಿತು. "ಅವತ್ತು ನೀವು ಅಲ್ಲಿದ್ರಾ ಅಣ್ಣ?"

ಚಿಕ್ಕಹನುಮಯ್ಯ ತಲೆ ಆಡಿಸಿದ, ಹೌದೆಂದು.

ಕಾಯಿ ಅವಳ ಕೈಯಿಂದ ಬಿತ್ತು. ತಿಂಗಳಿನಿಂದ ಬತ್ತಿಹೋಗಿದ್ದ ಮುಖದಲ್ಲಿ ಜೀವ ಬಂತು. ಅವಳು ಏಣಿಯ ಬುಡಕ್ಕೆ ಓಡಿ ಬಂದು ಮೇಲಕ್ಕೆ ಕೈ ಜೋಡಿಸಿದಳು.

"ಅಂಗಾರೆ ನೀವು ಎಲ್ಲ ನೋಡಿರ್ತೀರ! ಭಾವ, ಇವರನ್ನ ಯಾಕೆ ಇಷ್ಟು ದಿನ ಮುಚ್ಚಿಟ್ರಿ? ಅಣ್ಣ, ಕೆಳಗೆ ಬನ್ನಿ. ಸ್ಟೇಷನ್ನಿಗೆ ಬಂದು ಒಂದು ಮಾತು ಹೇಳಿ. ನೋಡ್ದೋರು ಒಬ್ರಾದ್ರೂ ಬಂದ್ರೆ ಸಾಕು ಅಂತ ಇನ್‌ಸ್ಪೆಕ್ಟ್ರೇ ಹೇಳವ್ರೆ. ನಿಮ್ಮ ದಮ್ಮಯ್ಯ, ಬನ್ನಿ."

"ಹೊಂಬಾಳಿ, ಬ್ಯಾಡ ಕಣೇ," ಈರಣ್ಣ ಎಂದ.

"ನೀವು ಸುಮ್ಕಿರಿ ಭಾವ! ನಿಮ್ಮಿಂದ್ಲೇ ಆಗಿದ್ದು ಇದೆಲ್ಲ!"

ಚಿಕ್ಕಹನುಮಯ್ಯ ನಿಧಾನವಾಗಿ ಕಾಲು ಕೆಳಗೆ ಬಿಟ್ಟ. ಅನಸೂಯಮ್ಮ ಇಳಿದು ಜಾಗ ಕೊಡಬೇಕಾಯಿತು. ಅವನು ನೆಲಕ್ಕೆ ಬಂದು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಹೊಂಬಾಳಮ್ಮನೆದುರು ನಿಂತ.

"ಬತ್ತೀನಿ ಕಣವ್ವ. ಇನ್ನು ನಂಗೆ ಆಗಲ್ಲ. ನೋಡಿದ್ದನ್ನ ನೋಡಿದ ಹಂಗೇ ಹೇಳಿಬಿಡ್ತೀನಿ."

"ಅಷ್ಟೇ ಸಾಕಣ್ಣ, ಅಷ್ಟೇ ಸಾಕು!"

ಹೊಂಬಾಳಮ್ಮ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಊರ ಮುಂದಿನ ತಿರುವಿನಲ್ಲಿ ತಿಪಟೂರಿನ ಬಸ್ಸು ಹಾರನ್ ಹೊಡೆಯಿತು. ಅವಳು ಅವನನ್ನು ಎಳೆದುಕೊಂಡೇ ಹೊಸ್ತಿಲು ದಾಟಿದಳು. ದಾಟಿದವಳು ತಿರುಗಿ, ನಗುತ್ತ ಕೂಗಿದಳು.

"ಬನ್ನಿ ಅನಸೂಯಕ್ಕ, ಬೇಗ! ನೀವು ಜೊತೇಲಿದ್ರೆ ಅವರು ನಂಬ್ತಾರೆ!"